ಮೊಂಟಾನಾದ ಎರಡನೇ ಕ್ಷೇತ್ರ ಹೋಗಿ ಬಂದ ಕಥೆ

ಮೊದಲು ಒಂದು ಅಳತೆ ಹೇಳ್ತೀನಿ, ಅದನ್ನ ತಲೇಲಿ ಇಟ್ಕೊಂಡು ಕೇಳಿ. ನಮ್ಮ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಅಮೆರಿಕದ ವಾಯವ್ಯಕ್ಕೆ, ಕೆನಡಾ ಗಡಿಗೆ ಅಂಟಿಕೊಂಡು ಮೊಂಟಾನಾ ಅಂತ ಒಂದು ರಾಜ್ಯ ಇದೆ, ಅದು ಸುಮಾರು 3,80,000 ಚದರ ಕಿಲೋಮೀಟರ್. ಅಂದ್ರೆ ಎರಡು ಕರ್ನಾಟಕ ಪಕ್ಕ ಪಕ್ಕ ಇಟ್ಟಷ್ಟು. ನಾವು ಲೋಕಸಭೆಗೆ 28 ಜನರನ್ನ ಕಳಿಸ್ತೀವಿ. ಅವರು ತಮ್ಮ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ಗೆ, ಅಂದ್ರೆ ಅಲ್ಲಿನ ಲೋಕಸಭೆ ಅಂದ್ಕೊಳ್ಳಿ, 1993ರಿಂದ 2023ರ ಜನವರಿ ತನಕ ಪೂರ್ತಿ 30 ವರ್ಷ ಕಳಿಸಿದ್ದು ಒಬ್ಬರನ್ನ. ಒಬ್ಬರೇ. ಅದಕ್ಕೂ ಮುಂಚೆ 80 ವರ್ಷ ಇಬ್ಬರು ಇದ್ರು. ಒಂದು ಸೀಟು ಹೋಯ್ತು, 30 ವರ್ಷ ಆದ್ಮೇಲೆ ವಾಪಸ್ ಬಂತು. ಆ ಸೀಟಿನ ಕಥೆ ಹೇಳೋಕೆ ಇವತ್ತು ಬಂದಿದ್ದೀನಿ.

ಇನ್ನೊಂದು ಮಾತು ಮುಂಚೆನೇ ಹೇಳಿಬಿಡ್ತೀನಿ, ಅಲ್ಲಿ ಕಾಂಗ್ರೆಸ್ ಅಂದ್ರೆ ಪಾರ್ಟಿ ಅಲ್ಲ, ಸಂಸತ್ತು. ಕಾಂಗ್ರೆಷನಲ್ ಡಿಸ್ಟ್ರಿಕ್ಟ್ ಅಂದ್ರೆ ನಮ್ಮ ಜಿಲ್ಲೆ ಅಲ್ಲ, ಲೋಕಸಭಾ ಕ್ಷೇತ್ರ. ನಮ್ಮ ಜಿಲ್ಲೆ-ತಾಲ್ಲೂಕು ಥರದ್ದು ಅಲ್ಲಿ ಕೌಂಟಿ, ಮೊಂಟಾನಾದಲ್ಲಿ 56 ಕೌಂಟಿ ಇವೆ. ಈ 56 ಕೌಂಟಿಗಳ ಮಧ್ಯೆ ಒಂದು ಗೆರೆ ಎಳೀಬೇಕು, ಪಶ್ಚಿಮ ಒಂದನೇ ಕ್ಷೇತ್ರ, ಪೂರ್ವ ಎರಡನೇ ಕ್ಷೇತ್ರ. ನೂರು ವರ್ಷದ ಜಗಳ ಪೂರ್ತಿ ಆ ಒಂದು ಗೆರೆಯದ್ದು, ಮತ್ತೆ ಆ ಗೆರೆ ಇರಬೇಕಾ ಬೇಡ್ವಾ ಅನ್ನೋದ್ರದ್ದು.

ಮೊಂಟಾನಾ ರಾಜ್ಯ ಆಗಿದ್ದು 1889ರ ನವೆಂಬರ್ 8ಕ್ಕೆ. ಆಗ ಜನ ಕಡಿಮೆ, ಸೀಟು ಒಂದೇ. 1910ರ ಜನಗಣತಿಯಲ್ಲಿ ಜನಸಂಖ್ಯೆ 3,76,053 ಆಯ್ತು, ಹತ್ತು ವರ್ಷದ ಹಿಂದೆ ಇದ್ದದ್ದು 2,43,329. ಯಾಕೆ ಹಿಂಗೆ ಏರ್ತು ಅಂದ್ರೆ ರೈಲು ಬಂತು, ಬ್ಯೂಟ್ ಊರಿನ ತಾಮ್ರದ ಗಣಿಗೆ ದೇಶ ದೇಶದಿಂದ ಕೂಲಿಯವ್ರು ಬಂದ್ರು, ಅದ್ರಲ್ಲೂ ಐರಿಶ್ ಜನ ಬಹಳ, ಆಮೇಲೆ ಪೂರ್ವದ ಬಯಲಲ್ಲಿ ಸರ್ಕಾರ ಹೊಲ ಹಂಚೋಕೆ ಶುರು ಮಾಡ್ತು. ಹಂಗಾಗಿ ಎರಡು ಸೀಟು ಸಿಕ್ತು. ಆದ್ರೆ ತಕ್ಷಣ ಗೆರೆ ಎಳೀಲಿಲ್ಲ. ಇಬ್ಬರನ್ನೂ ಇಡೀ ರಾಜ್ಯವೇ ಆರಿಸೋದು, ಪ್ರತಿಯೊಬ್ಬ ಮತದಾರನಿಗೂ ಎರಡು ವೋಟು, ಜಾಸ್ತಿ ವೋಟು ತಗೊಂಡ ಮೊದಲ ಇಬ್ಬರು ಗೆದ್ದಂಗೆ. ಇದಕ್ಕೆ ಅಟ್ ಲಾರ್ಜ್ ಅಂತಾರೆ.

ಈ ಪದ್ಧತಿ ಇದ್ದದ್ದು ಒಂದೇ ಒಂದು ಸಣ್ಣ ಅವಧಿಗೆ, 1913ರಿಂದ 1919. ಆದ್ರೆ ಆ ಆರು ವರ್ಷದಲ್ಲಿ ಒಂದು ದೊಡ್ಡ ವಿಷಯ ನಡೆದುಹೋಯ್ತು. ಮೊಂಟಾನಾದ ಹೆಣ್ಣುಮಕ್ಕಳಿಗೆ 1914ರಲ್ಲಿ ವೋಟಿನ ಹಕ್ಕು ಸಿಕ್ತು, ಅದಕ್ಕೋಸ್ಕರ ಊರೂರು ಸುತ್ತಿದವರು ಮಿಸೌಲಾದ ಜೆನೆಟ್ ರಾಂಕಿನ್. 1916ರಲ್ಲಿ ಅವರೇ ಹೌಸ್‌ಗೆ ನಿಂತ್ರು. ಯೋಚನೆ ಮಾಡಿ, ಇಡೀ ರಾಜ್ಯ ಒಂದೇ ಕ್ಷೇತ್ರ ಆಗಿದ್ರಿಂದ ಅವರಿಗೆ ಗಣಿ ಊರಿಂದ ನಾಲ್ಕು ವೋಟು, ಗೋಧಿ ಬಯಲಿಂದ ನಾಲ್ಕು ವೋಟು, ಹಿಂಗೆ ಎಲ್ಲಾ ಮೂಲೆಯಿಂದ ಕೂಡಿಸ್ಕೊಳ್ಳೋ ಅವಕಾಶ ಇತ್ತು, ಎರಡು ವರ್ಷದ ಹಿಂದೆ ಓಡಾಡಿ ಪರಿಚಯ ಮಾಡ್ಕೊಂಡ ಹೆಂಗಸರು ಎಲ್ಲಾ ಕೌಂಟಿಯಲ್ಲೂ ಇದ್ರು. ಡೆಮಾಕ್ರಟಿಕ್ ಪಾರ್ಟಿಯ ಜಾನ್ ಇವಾನ್ಸ್ ಮೊದಲ ಸ್ಥಾನ, ರಿಪಬ್ಲಿಕನ್ ರಾಂಕಿನ್ ಎರಡನೇ ಸ್ಥಾನ, ಇಬ್ಬರೂ ಗೆದ್ರು. ಅಮೆರಿಕದ ಕಾಂಗ್ರೆಸ್‌ಗೆ ಹೋದ ಮೊದಲ ಮಹಿಳೆ ಆಕೆ. ದೇಶದ ಎಲ್ಲಾ ಹೆಣ್ಣುಮಕ್ಕಳಿಗೂ ವೋಟು ಬರೋಕೆ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು ಆಗ.

1917ರ ಏಪ್ರಿಲ್‌ನಲ್ಲಿ ಜರ್ಮನಿ ಮೇಲೆ ಯುದ್ಧ ಘೋಷಣೆ ಮತಕ್ಕೆ ಬಂತು, 373 ಜನ ಪರ, 50 ಜನ ವಿರೋಧ, ವಿರೋಧದಲ್ಲಿ ರಾಂಕಿನ್ ಒಬ್ಬರು. ಜೂನ್‌ನಲ್ಲಿ ಬ್ಯೂಟ್‌ನ ಗಣಿಯೊಳಗೆ ಬೆಂಕಿ ಬಿದ್ದು 168 ಜನ ಸತ್ತರು, ಕೂಲಿಯವ್ರು ಮುಷ್ಕರ ಹೂಡಿದ್ರು, ರಾಂಕಿನ್ ಆ ಕೂಲಿಯವ್ರ ಪರ ನಿಂತ್ರು. ಆ ರಾಜ್ಯದಲ್ಲಿ ತಾಮ್ರದ ಕಂಪನಿ ಅನಕೊಂಡಾ ಅಂದ್ರೆ ಎಷ್ಟು ದೊಡ್ಡದು ಅಂದ್ರೆ ಜನ ಬರೀ ‘ಕಂಪನಿ’ ಅಂದ್ರೆ ಸಾಕಿತ್ತು, ಯಾವುದು ಅಂತ ಕೇಳೋ ಹಂಗೇ ಇರಲಿಲ್ಲ. ಅಂಥದ್ದನ್ನ ಎದುರು ಹಾಕ್ಕೊಂಡ್ರು.

ಅದೇ 1917ರಲ್ಲಿ ರಾಜ್ಯದ ಶಾಸನಸಭೆ ಒಂದು ಕಾನೂನು ಮಾಡ್ತು. ಇನ್ಮೇಲೆ ಅಟ್ ಲಾರ್ಜ್ ಬೇಡ, ರಾಜ್ಯವನ್ನ ಎರಡು ಕ್ಷೇತ್ರ ಮಾಡೋಣ ಅಂತ. ಉದ್ದೇಶ ಏನಿತ್ತೋ, ಯಾರ ಮನಸ್ಸಲ್ಲಿ ಏನಿತ್ತೋ, ಅದನ್ನ ಬಿಡಿ, ಪರಿಣಾಮ ನೋಡಿ. ರಾಂಕಿನ್ ಅವರ ಊರು ಮಿಸೌಲಾ ಪಶ್ಚಿಮದ ಕ್ಷೇತ್ರಕ್ಕೆ ಬಿತ್ತು, ಅದು ಡೆಮಾಕ್ರಾಟ್‌ಗಳ ಕೋಟೆ. ರಿಪಬ್ಲಿಕನ್ ಒಬ್ಬರು ಅಲ್ಲಿ ಗೆಲ್ಲೋದು ಕಷ್ಟ. ಪೂರ್ವದಲ್ಲಿ ಅವರಿಗಿದ್ದ ವೋಟೆಲ್ಲ ಗೆರೆಯ ಆಚೆ ಉಳ್ಕೊಂಡ್ಬಿಡ್ತು. ಅವರ ಊರು ಅದೇ, ಮಾತು ಅದೇ, ಮತದಾರರೂ ಅದೇ ಜನ, ಆದ್ರೆ ಒಂದು ಗೆರೆ ಎಳೆದ ತಕ್ಷಣ ಗೆಲ್ಲೋರು ಸೋಲೋರಾದ್ರು. ಆಕೆ 1918ರಲ್ಲಿ ಹೌಸ್‌ಗೆ ನಿಲ್ಲಲೇ ಇಲ್ಲ, ಇಡೀ ರಾಜ್ಯದ ವೋಟು ಸಿಗೋ ಮೇಲ್ಮನೆ, ಅಂದ್ರೆ ಸೆನೆಟ್‌ಗೆ ನಿಂತ್ರು, ಪಾರ್ಟಿಯ ಅಭ್ಯರ್ಥಿನ ಆರಿಸೋ ಪ್ರೈಮರಿ ಚುನಾವಣೆಯಲ್ಲಿ ಸೋತ್ರು, ಮೂರನೇ ಪಾರ್ಟಿಯಿಂದ ನಿಂತು ಮತ್ತೆ ಸೋತ್ರು. ಪಶ್ಚಿಮದ ಒಂದನೇ ಕ್ಷೇತ್ರದಿಂದ ಇವಾನ್ಸ್ ಗೆದ್ರು, ಪೂರ್ವದ ಎರಡನೇ ಕ್ಷೇತ್ರದ ಮೊದಲ ಸದಸ್ಯ ಕಾರ್ಲ್ ರಿಡಿಕ್ ಆದ್ರು. ನಮ್ಮ ಕಥೆಯ ಎರಡನೇ ಕ್ಷೇತ್ರ ಹುಟ್ಟಿದ್ದು ಹಿಂಗೆ.

ಇಲ್ಲಿ ಆ ಎರಡು ಭಾಗ ಹೆಂಗಿವೆ ಅಂತ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಮುಂದಿನದ್ದು ಅರ್ಥ ಆಗಲ್ಲ. ಪಶ್ಚಿಮ ಅಂದ್ರೆ ರಾಕಿ ಬೆಟ್ಟಗಳು, ಕಾಡು, ಮರದ ಮಿಲ್ಲು, ಗಣಿ, ಮಿಸೌಲಾದ ಯೂನಿವರ್ಸಿಟಿ. ಪೂರ್ವ ಅಂದ್ರೆ ಬಯಲು, ಗೋಧಿ, ದನ, ಆಮೇಲೆ ಕಲ್ಲಿದ್ದಲು. ನಮ್ಮಲ್ಲಿ ಮಲೆನಾಡು-ಬಯಲುಸೀಮೆ ಅಂತೀವಲ್ಲ, ಹೆಚ್ಚೂ ಕಡಿಮೆ ಆ ಥರ, ಆದ್ರೆ ಮಧ್ಯೆ ಇರೋ ದೂರ ನಮ್ಮ ಅಳತೆಗೆ ಸಿಗೋದಲ್ಲ. ನಾನು ಒಂದ್ಸಲ ಪೂರ್ವದ ಗ್ಲೆಂಡೈವ್ ಅನ್ನೋ ಊರಿಂದ ಮಿಸೌಲಾಕ್ಕೆ ಕಾರಲ್ಲಿ ಹೋದೆ, 900 ಕಿಲೋಮೀಟರ್ ಮೇಲೆ, ಬೀದರ್‌ನಲ್ಲಿ ಹೊರಟು ಚಾಮರಾಜನಗರ ದಾಟಿದಂಗೆ. ಮೊದಲ ಅರ್ಧ ದಿನ ರಸ್ತೆ ಪಕ್ಕ ಕಾಣಿಸೋದು ಹೊಲ, ತಂತಿ ಬೇಲಿ, ರೈಲ್ವೆ ಹಳಿ, ಹಳಿ ಪಕ್ಕ ಗೋಧಿ ತುಂಬಿಡೋ ಎತ್ತರದ ಕಣಜ, ಮತ್ತೆ ಹೊಲ. ಒಂದು ಊರು ಬಿಟ್ರೆ ಇನ್ನೊಂದು ಊರಿಗೆ ಮುಕ್ಕಾಲು ಗಂಟೆ. ಪೆಟ್ರೋಲ್ ಹಾಕಿಸೋಕೆ ನಿಲ್ಸಿದ ಕಡೆ ಪಕ್ಕದ ಹೋಟೆಲಲ್ಲಿ ಕಾಫಿ ಕುಡೀತಾ ಕೂತಿದ್ದೆ, ಗೋಧಿ ಬೆಳೆಯೋ ವಯಸ್ಸಾದ ಹೆಂಗಸೊಬ್ರು ಮಾತಿಗೆ ಸಿಕ್ಕಿದ್ರು, ನಾನು ಹಿಂಗೆ ಹಿಂಗೆ ಕ್ಷೇತ್ರಗಳ ವಿಷಯ ಓದ್ತಿದ್ದೀನಿ ಅಂದೆ. ಅವರು ಟೇಬಲ್ ಮೇಲಿದ್ದ ಉಪ್ಪಿನ ಡಬ್ಬಿ ಒಂದು ಕಡೆ ಇಟ್ರು, ಮೆಣಸಿನ ಡಬ್ಬಿ ಇನ್ನೊಂದು ಕಡೆ ಇಟ್ರು, ಮಧ್ಯೆ ಬೆರಳಲ್ಲಿ ಗೆರೆ ಎಳೆದು, ‘ಇಲ್ಲಿ ಒಬ್ರು ಇದ್ರು, ಅಲ್ಲಿ ಒಬ್ರು ಇದ್ರು, ನಮ್ಮವ್ರಿಗೆ ಗೋಧಿ ರೇಟು ಗೊತ್ತಿತ್ತು’ ಅಂದ್ರು. ಅಷ್ಟೇ ಅಂದಿದ್ದು. ನಾನು ಇವತ್ತು ಹೇಳ್ತಿರೋದ್ರಲ್ಲಿ ಅರ್ಧ ಆ ಮಾತಿನಲ್ಲೇ ಇದೆ.

ಸರಿ, ವಾಪಸ್ ಬರೋಣ. ಪೂರ್ವದ ಬಯಲಿಗೆ 1909ರ ಕಾನೂನಿನ ಪ್ರಕಾರ ಒಬ್ಬೊಬ್ಬರಿಗೆ 320 ಎಕರೆ ಅಂತ ಜಮೀನು ಕೊಟ್ರು, ಸಾವಿರ ಸಾವಿರ ಸಂಸಾರ ಬಂದ್ವು, ಕೆಲವು ವರ್ಷ ಮಳೆ ಚೆನ್ನಾಗಿ ಬಂತು. ಆಮೇಲೆ ಬರ ಬಂತು, ಯುದ್ಧ ಮುಗಿದು ಗೋಧಿ ರೇಟು ಬಿತ್ತು, ಬ್ಯಾಂಕುಗಳು ಮುಳುಗಿದ್ವು. 1920ರಲ್ಲಿ 5,48,889 ಇದ್ದ ಜನ 1930ಕ್ಕೆ 5,37,606. ಇಡೀ ಅಮೆರಿಕದಲ್ಲಿ ಆ ಹತ್ತು ವರ್ಷದಲ್ಲಿ ಜನ ಕಮ್ಮಿ ಆದ ರಾಜ್ಯ ಮೊಂಟಾನಾ ಒಂದೇ. ಈ ಅಂಕಿನ ನೆನಪಿಟ್ಕೊಳ್ಳಿ, ಯಾಕಂದ್ರೆ ಅಮೆರಿಕದಲ್ಲಿ ಸೀಟು ಹಂಚೋದು ಜನಗಣತಿ ನೋಡಿ, ಹತ್ತು ವರ್ಷಕ್ಕೊಂದ್ಸಲ, ಮತ್ತೆ ಒಟ್ಟು ಸೀಟು 435ಕ್ಕೆ ನಿಂತುಬಿಟ್ಟಿದೆ. 1911ರ ಕಾನೂನಿನಿಂದ ಬಂದ ಸಂಖ್ಯೆ ಅದು, 1929ರಲ್ಲಿ ಕಾಯಂ ಮಾಡಿದ್ರು. ಅಂದ್ರೆ ಕ್ಯಾಲಿಫೋರ್ನಿಯಾಗೆ ಒಂದು ಸೀಟು ಜಾಸ್ತಿ ಆಗ್ಬೇಕು ಅಂದ್ರೆ ಇನ್ಯಾರದ್ದೋ ತಟ್ಟೆಯಿಂದ ತೆಗೀಲೇಬೇಕು. ನೀವು ಬೆಳೆದ್ರೆ ಸಾಲದು, ಬೇರೆಯವ್ರಷ್ಟೇ ಜೋರಾಗಿ ಬೆಳೀಬೇಕು.

ಮಧ್ಯೆ ಒಂದು ವಿಷಯ ಹೇಳದೆ ಮುಂದೆ ಹೋಗೋಕೆ ನನ್ನ ಮನಸ್ಸು ಒಪ್ಪಲ್ಲ. ಅದೇ ರಾಂಕಿನ್, 22 ವರ್ಷ ಆದ್ಮೇಲೆ, 1940ರಲ್ಲಿ ಮತ್ತೆ ನಿಂತ್ರು, ಎಲ್ಲಿಂದ ಅಂದ್ರೆ ಅವರಿಗೆ ಬಾಗಿಲು ಹಾಕಿದ್ದ ಅದೇ ಪಶ್ಚಿಮದ ಒಂದನೇ ಕ್ಷೇತ್ರದಿಂದ. ಗೆದ್ರು. 1941ರ ಡಿಸೆಂಬರ್ 8, ಪರ್ಲ್ ಹಾರ್ಬರ್ ಮಾರನೇ ದಿನ, ಜಪಾನ್ ಮೇಲೆ ಯುದ್ಧ ಘೋಷಣೆಗೆ 388 ಜನ ಹೂಂ ಅಂದ್ರು, ಇಲ್ಲ ಅಂದಿದ್ದು ಒಬ್ಬರೇ, ರಾಂಕಿನ್. ‘ನಾನು ಹೆಣ್ಣು, ಯುದ್ಧಕ್ಕೆ ಹೋಗೋಕಾಗಲ್ಲ, ಬೇರೆ ಯಾರನ್ನೂ ಕಳಿಸೋಕೂ ನಾನು ಒಪ್ಪಲ್ಲ’ ಅಂದ್ರು. ಹೊರಗೆ ಜನ ಎಷ್ಟು ಸಿಟ್ಟಾಗಿದ್ರು ಅಂದ್ರೆ ಆಕೆ ಟೆಲಿಫೋನ್ ಬೂತ್ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಪೊಲೀಸರನ್ನ ಕರೆಸ್ಕೋಬೇಕಾಯ್ತು. ಎರಡೂ ಮಹಾಯುದ್ಧಕ್ಕೆ ವಿರೋಧವಾಗಿ ವೋಟು ಹಾಕಿದ ಒಬ್ಬರೇ ಸದಸ್ಯೆ. ಆಮೇಲೆ 1946ರಿಂದ ಅವರು ಇಂಡಿಯಾಗೆ ಹಲವು ಸಲ ಬಂದ್ರು, ಗಾಂಧೀಜಿಯ ಅಹಿಂಸೆಯ ದಾರಿ ಅರ್ಥ ಮಾಡ್ಕೊಳ್ಳೋಕೆ. ನಮ್ಮ ಶಾಲೆಯ ಪಾಠದಲ್ಲಿ ಈ ಹೆಸರು ಯಾಕಿಲ್ಲ ಅಂತ ನನಗೆ ಯಾವಾಗಲೂ ಅನ್ಸುತ್ತೆ. ಅವರ ನಂತರ ಆ ಸೀಟಿಗೆ ಬಂದವರು ಮೈಕ್ ಮ್ಯಾನ್ಸ್‌ಫೀಲ್ಡ್, ಮುಂದೆ ಸೆನೆಟ್‌ಗೆ ಹೋಗಿ 1961ರಿಂದ 1977ರ ತನಕ ಮೆಜಾರಿಟಿ ಲೀಡರ್, ಅಂದ್ರೆ ಅಲ್ಲಿ ಬಹುಮತ ಇರೋ ಪಾರ್ಟಿಯ ನಾಯಕ ಆಗಿದ್ದವರು. ಸಣ್ಣ ರಾಜ್ಯದ ಒಂದು ಸೀಟು ಎಂಥೆಂಥವರನ್ನ ಬೆಳೆಸುತ್ತೆ ನೋಡಿ.

ಈಗ ಗೆರೆಯ ವಿಷಯ. 1917ರಲ್ಲಿ ಎಳೆದ ಗೆರೆ ಹಂಗೇ ಕೂತಿತ್ತು. ಪೂರ್ವದಿಂದ ಜನ ಹೋಗ್ತಾನೇ ಇದ್ರು, ಪಶ್ಚಿಮ ತುಂಬ್ತಾ ಇತ್ತು. 1960ರ ಜನಗಣತಿ ಹೊತ್ತಿಗೆ ಒಂದನೇ ಕ್ಷೇತ್ರದಲ್ಲಿ 4,00,573 ಜನ, ಎರಡನೇ ಕ್ಷೇತ್ರದಲ್ಲಿ 2,74,194. ಪಶ್ಚಿಮದ ಮೂರು ವೋಟು ಪೂರ್ವದ ಎರಡು ವೋಟಿಗೆ ಸಮ ಅಂತಾಯ್ತು. ಇದು ಮೊಂಟಾನಾದ್ದು ಮಾತ್ರ ಅಲ್ಲ. ಜಾರ್ಜಿಯಾದಲ್ಲಿ ಅಟ್ಲಾಂಟಾ ಇದ್ದ ಐದನೇ ಕ್ಷೇತ್ರದಲ್ಲಿ 8,23,680 ಜನ, ಅದೇ ರಾಜ್ಯದ ಒಂಬತ್ತನೇ ಕ್ಷೇತ್ರದಲ್ಲಿ 2,72,154. ಅಟ್ಲಾಂಟಾದ ಮತದಾರರು ಕೋರ್ಟಿಗೆ ಹೋದ್ರು, 1964ರ ಫೆಬ್ರವರಿ 17ಕ್ಕೆ ಸುಪ್ರೀಂ ಕೋರ್ಟ್ ವೆಸ್ಬೆರಿ ಕೇಸಲ್ಲಿ ಹೇಳ್ತು, ಸಾಧ್ಯ ಇರೋ ಮಟ್ಟಿಗೆ ಒಬ್ಬರ ವೋಟಿಗೆ ಇನ್ನೊಬ್ಬರ ವೋಟಿನಷ್ಟೇ ಬೆಲೆ ಇರಬೇಕು ಅಂತ. ದೇಶದ ತುಂಬಾ ಮ್ಯಾಪುಗಳನ್ನ ಬಿಚ್ಚಿ ಮತ್ತೆ ಬರೆದ್ರು. ಮೊಂಟಾನಾದಲ್ಲೂ ಗೆರೆ ಪಶ್ಚಿಮದ ಕಡೆ ಸರೀಬೇಕಾಯ್ತು, ಅಂದ್ರೆ ಪಶ್ಚಿಮದಲ್ಲಿದ್ದ ಕೌಂಟಿಗಳು ಕೆಲವು ಪೂರ್ವಕ್ಕೆ ಬಂದ್ವು. ಅಲ್ಲಿಂದ ಮುಂದೆ ಪ್ರತಿ ಜನಗಣತಿಗೂ ಗೆರೆ ಒಂಚೂರು ಜರುಗೋದೇ. ಇದು ನ್ಯಾಯ, ನಾನು ಒಪ್ತೀನಿ. ಆದ್ರೆ ಇದರಲ್ಲಿ ಒಂದು ವಿಷಯ ಇದೆ, ಬಯಲು ಖಾಲಿ ಆದಷ್ಟೂ ಬಯಲಿನ ಕ್ಷೇತ್ರ ಹಿಗ್ಗಬೇಕು, ಹಿಗ್ಗಿದಷ್ಟೂ ಅದು ಬಯಲಿನವರ ಕ್ಷೇತ್ರ ಆಗಿ ಉಳಿಯಲ್ಲ.

ಆಮೇಲೆ ಬಂತು 1990. ಹತ್ತು ವರ್ಷ ಮೊಂಟಾನಾಗೆ ಏಟಿನ ಮೇಲೆ ಏಟು. ಅನಕೊಂಡಾ ಊರಿನ ತಾಮ್ರ ಕರಗಿಸೋ ಕಾರ್ಖಾನೆ 1980ರಲ್ಲಿ ಮುಚ್ಚಿತು, ಬ್ಯೂಟ್‌ನ ಬರ್ಕ್ಲಿ ಪಿಟ್ ಗಣಿ 1982ರಲ್ಲಿ ನಿಂತಿತು, ಕೆಲಸ ಹುಡುಕ್ಕೊಂಡು ಹುಡುಗ್ರು ಹೊರಟ್ರು. 1980ರಲ್ಲಿ 7,86,690 ಇದ್ದ ಜನ 1990ಕ್ಕೆ 7,99,065, ಹತ್ತು ವರ್ಷಕ್ಕೆ ಹನ್ನೆರಡು ಸಾವಿರ ಜಾಸ್ತಿ, ಅಷ್ಟೇ. ಹೊರದೇಶದಲ್ಲಿರೋ ಸೈನಿಕರನ್ನೆಲ್ಲ ಸೇರಿಸಿ ಸೀಟು ಹಂಚೋ ಲೆಕ್ಕಕ್ಕೆ ತಗೊಂಡ ಸಂಖ್ಯೆ 8,03,655. ದೇಶದಲ್ಲಿ ಸರಾಸರಿ ಒಂದು ಸೀಟಿಗೆ ಆಗ 5,72,466 ಜನ.

ಈಗ ಪೆನ್ನು ಇರೋರು ಪೆನ್ನು ತಗೊಳ್ಳಿ, ಇಲ್ಲದವರು ಮೊಬೈಲ್ ತೆಗೀರಿ, ಈ ಲೆಕ್ಕ ಒಂದು ನೀವೇ ಮಾಡಿ ನೋಡ್ಬೇಕು. 8,03,655ನ 5,72,466ರಿಂದ ಭಾಗಿಸಿ. 1.404 ಬರುತ್ತೆ. ಒಂದು ಮುಕ್ಕಾಲಲ್ಲ, ಒಂದೂವರೆಯಲ್ಲ, ಒಂದೂ ಚಿಲ್ಲರೆ. ಆದ್ರೆ ಒಂದೂ ಚಿಲ್ಲರೆ ಎಂಪಿನ ಕಳ್ಸೋಕಾಗಲ್ಲ, ಒಂದೋ ಒಬ್ರು, ಇಲ್ಲಾ ಇಬ್ರು. ಯಾವುದು ನ್ಯಾಯಕ್ಕೆ ಹತ್ತಿರ?

ಮೊಂಟಾನಾದವರು ಹೇಳಿದ್ದು ಹಿಂಗೆ: ಒಂದೇ ಸೀಟು ಕೊಟ್ರೆ ನಮ್ಮ ಕ್ಷೇತ್ರದಲ್ಲಿ ಸರಾಸರಿಗಿಂತ 2,31,189 ಜನ ಜಾಸ್ತಿ ಆಗ್ತಾರೆ. ಎರಡು ಕೊಟ್ರೆ ಒಂದೊಂದು ಕ್ಷೇತ್ರಕ್ಕೆ 4,01,828 ಜನ, ಸರಾಸರಿಗಿಂತ 1,70,638 ಕಮ್ಮಿ. ಯಾವುದರ ವ್ಯತ್ಯಾಸ ಚಿಕ್ಕದು? ಎರಡು ಸೀಟಿನದ್ದು. ಹಂಗಾಗಿ ಎರಡು ಕೊಡಿ. ಕೇಳಿದ್ರೆ ಸರಿ ಅನ್ಸುತ್ತಲ್ವಾ? ಸರ್ಕಾರದ ಕಡೆಯವರು ಹೇಳಿದ್ದು: ಕಳೆದು ನೋಡ್ಬೇಡಿ, ಭಾಗಿಸಿ ನೋಡಿ. ಒಂದು ಸೀಟಾದ್ರೆ ನೀವು ಸರಾಸರಿಯ 1.404 ಪಟ್ಟು. ಎರಡು ಸೀಟಾದ್ರೆ ಸರಾಸರಿ ನಿಮ್ಮ 1.425 ಪಟ್ಟು. ಚಿಕ್ಕದು ಒಂದು ಸೀಟಿನದ್ದು. ಕಳೆದ್ರೆ ಎರಡು, ಭಾಗಿಸಿದ್ರೆ ಒಂದು. ಎರಡೂ ಲೆಕ್ಕ ಸರಿ, ಎರಡರಲ್ಲೂ ತಪ್ಪಿಲ್ಲ, ಯಾವ ಲೆಕ್ಕ ಹಿಡೀಬೇಕು ಅನ್ನೋದೇ ಪ್ರಶ್ನೆ. 1.404ಕ್ಕೂ 1.425ಕ್ಕೂ ಮಧ್ಯೆ ಎಷ್ಟಿದೆ ನೋಡಿ, ಅಷ್ಟರಲ್ಲಿ ಒಂದು ಕ್ಷೇತ್ರ ಹೋಯ್ತು.

ಈ ಭಾಗಿಸೋ ವಿಧಾನಕ್ಕೆ ಹಂಟಿಂಗ್ಟನ್-ಹಿಲ್ ಅಂತ ಹೆಸರು. ಎಡ್ವರ್ಡ್ ಹಂಟಿಂಗ್ಟನ್ ಹಾರ್ವರ್ಡ್‌ನ ಗಣಿತದವರು, ಜೋಸೆಫ್ ಹಿಲ್ ಸೆನ್ಸಸ್ ಬ್ಯೂರೋದ ಅಂಕಿಅಂಶದವರು. 1941ರಲ್ಲಿ ಕಾನೂನಾಯ್ತು. ಅದಕ್ಕೂ ಒಂದು ಹಿನ್ನೆಲೆ ಇದೆ, ಆಗ ಈ ವಿಧಾನ ಹಿಡಿದ್ರೆ ಒಂದು ಸೀಟು ಅರ್ಕಾನ್ಸಾಗೆ, ಹಳೇ ವಿಧಾನ ಹಿಡಿದ್ರೆ ಮಿಷಿಗನ್‌ಗೆ ಹೋಗ್ತಿತ್ತು, ಅರ್ಕಾನ್ಸಾ ಡೆಮಾಕ್ರಾಟ್‌ಗಳದ್ದು, ಕಾಂಗ್ರೆಸ್‌ನಲ್ಲಿ ಬಹುಮತವೂ ಡೆಮಾಕ್ರಾಟ್‌ಗಳದ್ದು. ಗಣಿತ ಶುದ್ಧವಾಗೇ ಇರುತ್ತೆ, ಯಾವ ಗಣಿತ ಅಂತ ಆರಿಸೋ ಕೈ ಬೇರೆ. ಇದು ಹೊಸದೂ ಅಲ್ಲ. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾಗಿ ತಮ್ಮ ಜೀವನದ ಮೊಟ್ಟಮೊದಲ ವೀಟೋ ಹಾಕಿದ್ದು 1792ರಲ್ಲಿ, ಅದು ಹಾಕಿದ್ದೇ ಸೀಟು ಹಂಚೋ ಮಸೂದೆ ಮೇಲೆ.

ಮೊಂಟಾನಾ ಕೋರ್ಟಿಗೆ ಹೋಯ್ತು. ಮೊದಲು ಮೂವರು ಜಡ್ಜ್‌ಗಳ ಫೆಡರಲ್ ಕೋರ್ಟ್‌ನಲ್ಲಿ ಗೆದ್ದಿತು ಕೂಡ. ಆ ತೀರ್ಪು ನಿಂತಿದ್ರೆ ವಾಷಿಂಗ್ಟನ್ ರಾಜ್ಯದ ಒಂದು ಸೀಟು ಮೊಂಟಾನಾಗೆ ಬರ್ತಿತ್ತು. ಆದ್ರೆ 1992ರ ಮಾರ್ಚ್ 31ಕ್ಕೆ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಅದನ್ನ ತಿರುಗಿಸ್ತು, ತೀರ್ಪು ಬರೆದವರು ಜಸ್ಟಿಸ್ ಜಾನ್ ಪಾಲ್ ಸ್ಟೀವನ್ಸ್. ಅವರ ಮಾತಿನ ಸಾರ ಏನು ಅಂದ್ರೆ, ಒಂದು ರಾಜ್ಯದ ಒಳಗೆ ಕ್ಷೇತ್ರಗಳನ್ನ ಸಮ ಮಾಡ್ಬಹುದು, ಆದ್ರೆ ಕ್ಷೇತ್ರ ಒಂದು ರಾಜ್ಯದ ಗಡಿ ದಾಟಂಗಿಲ್ಲ, ಪ್ರತಿ ರಾಜ್ಯಕ್ಕೂ ಒಂದಾದ್ರೂ ಕೊಡ್ಲೇಬೇಕು, ಹಿಂಗಿರುವಾಗ ಪೂರ್ತಿ ಸಮ ಅನ್ನೋದು ಆಗದ ಮಾತು, ಯಾವ ವಿಧಾನ ಅನ್ನೋದನ್ನ ಕಾಂಗ್ರೆಸ್ ಒಳ್ಳೆ ಮನಸ್ಸಿಂದ ಆರಿಸಿದೆ, ಐವತ್ತು ವರ್ಷ ನಡೆಸಿದೆ, ನಾವು ಕೈ ಹಾಕಲ್ಲ. ಕಾನೂನಿನ ದೃಷ್ಟಿಯಿಂದ ನನಗೆ ಈ ತೀರ್ಪಲ್ಲಿ ತಪ್ಪು ಕಾಣಲ್ಲ. ನನ್ನ ತಕರಾರು 435 ಅನ್ನೋ ಸಂಖ್ಯೆ ಮೇಲೆ. 1910ರ ಜನಗಣತಿ ನೋಡಿ ಇಟ್ಟ ಸಂಖ್ಯೆನ ನೂರು ವರ್ಷ ಆದ್ರೂ ಹಿಡ್ಕೊಂಡು ಕೂತ್ರೆ ಇಂಥ ಜಗಳ ಬರ್ದೆ ಇನ್ನೇನು? ಇನ್ನೊಂದಷ್ಟು ಸೀಟು ಜಾಸ್ತಿ ಇದ್ದಿದ್ರೆ ಈ ಕೇಸೇ ಹುಟ್ತಿರಲಿಲ್ವೇನೋ.

ಹಂಗಾಗಿ 1992ರ ಚುನಾವಣೆಯಲ್ಲಿ ಏನಾಯ್ತು? ಪಶ್ಚಿಮದ ಸದಸ್ಯ ಪ್ಯಾಟ್ ವಿಲಿಯಮ್ಸ್, ಬ್ಯೂಟ್‌ನವರು, ಮೇಷ್ಟ್ರಾಗಿದ್ದವರು, ಡೆಮಾಕ್ರಾಟ್, 14 ವರ್ಷದಿಂದ ಇದ್ದವರು. ಪೂರ್ವದ ಸದಸ್ಯ ರಾನ್ ಮಾರ್ಲೆನಿ, ಕೆನಡಾ ಗಡಿ ಹತ್ತಿರದ ಸ್ಕೋಬಿ ಊರಿನ ರೈತ, ರಿಪಬ್ಲಿಕನ್, 16 ವರ್ಷದಿಂದ ಇದ್ದವರು. ಎರಡು ಕುರ್ಚಿ ಒಂದಾಯ್ತು, ಇಬ್ಬರೂ ಅದಕ್ಕೇ ನಿಂತ್ರು. ಇದು ಇಬ್ಬರು ಮನುಷ್ಯರ ಸ್ಪರ್ಧೆ ಅಷ್ಟೇ ಆಗಿರಲಿಲ್ಲ, ಕಾಡು ಉಳಿಸ್ಬೇಕು ಅನ್ನೋರು ಒಂದು ಕಡೆ, ಮರ-ಗಣಿ-ಹುಲ್ಲುಗಾವಲು ನಮ್ಮ ಅನ್ನ ಅನ್ನೋರು ಇನ್ನೊಂದು ಕಡೆ, ಬೆಟ್ಟಕ್ಕೂ ಬಯಲಿಗೂ ನಡೆದ ಹಗ್ಗಜಗ್ಗಾಟ ಅದು. ವಿಲಿಯಮ್ಸ್ ಸಣ್ಣ ಅಂತರದಲ್ಲಿ ಗೆದ್ರು. ಅವರು ಬಿಟ್ಟ ಮೇಲೆ 1997ರಿಂದ ಮುಂದೆ ಆ ಸೀಟು ರಿಪಬ್ಲಿಕನ್ನರ ಕೈಯಲ್ಲೇ ಉಳೀತು. ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲೂ ಮೊಂಟಾನಾದ ಬೆಲೆ ನಾಲ್ಕು ಎಲೆಕ್ಟೋರಲ್ ವೋಟಿಂದ ಮೂರಕ್ಕೆ ಇಳೀತು, ಯಾಕಂದ್ರೆ ಅಲ್ಲಿ ಹೌಸ್ ಸೀಟಿಗೆ ಸೆನೆಟ್‌ನ ಎರಡು ಸೇರಿಸಿ ಎಣಿಸ್ತಾರೆ.

30 ವರ್ಷದಲ್ಲಿ ಒಂದೊಂದು ಜನಗಣತಿಗೂ ಮೊಂಟಾನಾ ಬಾಗಿಲ ತನಕ ಬಂದು ವಾಪಸ್ ಹೋಯ್ತು. 2010ರಲ್ಲಿ 9,89,415 ಜನಕ್ಕೆ ಒಬ್ಬ ಸದಸ್ಯ, ದೇಶದಲ್ಲೇ ಅತಿ ಹೆಚ್ಚು ಜನ ಇರೋ ಕ್ಷೇತ್ರ. ಅದೇ ಹೊತ್ತಿಗೆ ಪುಟಾಣಿ ರೋಡ್ ಐಲೆಂಡ್‌ನಲ್ಲಿ 10,52,567 ಜನ, ಅಲ್ಲಿಗೆ ಇಬ್ಬರು. ಅಂದ್ರೆ 63 ಸಾವಿರ ಜನ ಜಾಸ್ತಿ ಇದ್ದಿದ್ದಕ್ಕೆ ಪ್ರಾತಿನಿಧ್ಯ ಡಬಲ್.

ಹತ್ತು ಲಕ್ಷಕ್ಕೆ ಒಬ್ರು ಅಂದ್ರೆ ನಮಗೆ ಏನೂ ಅನ್ಸಲ್ಲ ಅಂತ ನನಗೆ ಗೊತ್ತು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 6.11 ಕೋಟಿ ಜನ, 28 ಸೀಟು, ಭಾಗಿಸಿದ್ರೆ ಒಬ್ಬ ಎಂಪಿಗೆ 21 ಲಕ್ಷ ದಾಟುತ್ತೆ. ಆದ್ರೆ ಒಂದು ಕ್ಷೇತ್ರ ಇಲ್ಲದಂಗೆ ಆಗೋದು ಅಂದ್ರೇನು ಅಂತ ನಮಗೂ ಗೊತ್ತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಕನಕಪುರ ಲೋಕಸಭಾ ಕ್ಷೇತ್ರ ಹೋಗಿ ಬೆಂಗಳೂರು ಗ್ರಾಮಾಂತರ ಬಂತು. ಧಾರವಾಡ ದಕ್ಷಿಣ ಹೋಗಿ ಹಾವೇರಿ ಆಯ್ತು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಗೆದ್ದು ದೇಶವೇ ತಿರುಗಿ ನೋಡಿದ ಚಿಕ್ಕಮಗಳೂರು ಈಗ ಉಡುಪಿ-ಚಿಕ್ಕಮಗಳೂರು. ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಒಂದೇ ಕ್ಷೇತ್ರ. ಒಬ್ಬ ಎಂಪಿ ಮೀನುಗಾರರ ಡೀಸೆಲ್ ಬಗ್ಗೆನೂ ಮಾತಾಡ್ಬೇಕು, ಕಾಫಿ ಬೋರ್ಡ್ ಬಗ್ಗೆನೂ ಮಾತಾಡ್ಬೇಕು. ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ, ನಮ್ಮಲ್ಲಿ ಗೆರೆ ಬದಲಾಯ್ತು, ರಾಜ್ಯದ ಒಟ್ಟು ಸಂಖ್ಯೆ ಬದಲಾಗಲಿಲ್ಲ. 1976ರ 42ನೇ ತಿದ್ದುಪಡಿ ರಾಜ್ಯಗಳ ಸೀಟಿನ ಸಂಖ್ಯೆಯನ್ನ 1971ರ ಜನಗಣತಿಗೆ ಕಟ್ಟಿ ಹಾಕ್ತು, 84ನೇ ತಿದ್ದುಪಡಿ ಅದನ್ನ 2026ರ ನಂತರದ ಮೊದಲ ಜನಗಣತಿ ತನಕ ಮುಂದಕ್ಕೆ ಹಾಕ್ತು. ಮೊಂಟಾನಾಗೆ ಆ ಥರ ಯಾವ ತಡೆಗೋಡೆನೂ ಇರಲಿಲ್ಲ. ಬೇರೆಯವರು ಬೆಳೆದ್ರು, ಇವರದ್ದು ಹೋಯ್ತು. ಸೀಟಿನ ಚರ್ಚೆ ನಡೆಯುವಾಗ ದಕ್ಷಿಣದ ರಾಜ್ಯಗಳ ಎದೆಯಲ್ಲಿ ಇರೋ ಭಯ ಇದೇ, ಅದನ್ನ ಬರೀ ರಾಜಕೀಯ ಅಂತ ತಳ್ಳಿಹಾಕೋರು ಈ ಮೊಂಟಾನಾದ ಲೆಕ್ಕ ಒಂದ್ಸಲ ಕೂತು ಮಾಡ್ಲಿ ಅಂತ ನಾನು ಕೇಳ್ಕೋತೀನಿ.

ಕೊನೆಗೆ 2020ರ ಜನಗಣತಿ. ಬೋಜ್‌ಮನ್, ಕಾಲಿಸ್ಪೆಲ್ ಕಡೆಗೆಲ್ಲ ಹೊರಗಿನ ಜನ ಬಂದು ತುಂಬ್ಕೊಂಡಿದ್ರು. 2021ರ ಏಪ್ರಿಲ್ 26ಕ್ಕೆ ಘೋಷಣೆ ಆಯ್ತು, ಮೊಂಟಾನಾಗೆ ಎರಡನೇ ಸೀಟು ವಾಪಸ್. ಅವತ್ತೇ ನ್ಯೂಯಾರ್ಕ್ ಒಂದು ಸೀಟು ಕಳ್ಕೊಳ್ತು, ಇನ್ನು 89 ಜನ ಜಾಸ್ತಿ ಲೆಕ್ಕಕ್ಕೆ ಸಿಕ್ಕಿದ್ರೆ ಉಳೀತಿತ್ತು. 89 ಜನ! ನಮ್ಮ ಒಂದು ಬಸ್ಸಲ್ಲಿ ಹಬ್ಬದ ದಿನ ಅಷ್ಟು ಜನ ಇರ್ತಾರೆ.

ಸೀಟು ಬಂತು, ಸರಿ, ಗೆರೆ ಎಲ್ಲಿ? 30 ವರ್ಷದಿಂದ ಗೆರೆನೇ ಇರಲಿಲ್ಲ, ಹಳೇ ಮ್ಯಾಪ್ ತೆಗೆದು ಧೂಳು ಕೊಡವಿದ್ರೆ ಆಗೋ ಕೆಲಸ ಅಲ್ಲ. ಮೊಂಟಾನಾದಲ್ಲಿ ಗೆರೆ ಎಳೆಯೋದು ಶಾಸನಸಭೆ ಅಲ್ಲ, 1972ರ ಅವರ ರಾಜ್ಯ ಸಂವಿಧಾನ ಅದಕ್ಕೆ ಐದು ಜನರ ಆಯೋಗ ಇಟ್ಟಿದೆ. ಎರಡೂ ಪಾರ್ಟಿಯ ನಾಯಕರು ಇಬ್ಬಿಬ್ಬರನ್ನ ಹಾಕ್ತಾರೆ, ಆ ನಾಲ್ವರು ಸೇರಿ ಐದನೆಯವರನ್ನ ಅಧ್ಯಕ್ಷರಾಗಿ ಆರಿಸ್ಬೇಕು, ಒಮ್ಮತ ಬರ್ದಿದ್ರೆ ರಾಜ್ಯದ ಸುಪ್ರೀಂ ಕೋರ್ಟ್ ನೇಮಿಸುತ್ತೆ. ಈ ಸಲ ಒಮ್ಮತ ಬರಲಿಲ್ಲ, ಕೋರ್ಟೇ ನೇಮಿಸ್ತು. ನನಗೆ ಈ ವ್ಯವಸ್ಥೆ ಬಹಳ ಇಷ್ಟ. ಚುನಾವಣೆಗೆ ನಿಲ್ಲೋರೇ ಗೆರೆ ಎಳೆಯೋ ರಾಜ್ಯಗಳು ಅಲ್ಲಿ ಎಷ್ಟೋ ಇವೆ, ಅಲ್ಲಿ ಎಂಥೆಂಥ ಆಕಾರದ ಕ್ಷೇತ್ರ ಹುಟ್ಟಿವೆ ಅಂತ ನೀವು ಓದಿರ್ತೀರಿ.

ದೊಡ್ಡ ವಾದ ನಡೆದದ್ದು ಬೋಜ್‌ಮನ್, ಹೆಲೆನಾ, ಕಾಲಿಸ್ಪೆಲ್ ಯಾವ ಕಡೆ ಅನ್ನೋದ್ರ ಮೇಲೆ. ಎರಡೂ ಪಾರ್ಟಿಗೂ ಗೊತ್ತು, ಪೂರ್ವ ಹೆಂಗಿದ್ರೂ ರಿಪಬ್ಲಿಕನ್, ಆಟ ಇರೋದು ಪಶ್ಚಿಮದಲ್ಲಿ. ಒಂದು ಊರು ಆ ಕಡೆ ಈ ಕಡೆ ಆದ್ರೆ ಫಲಿತಾಂಶವೇ ಬೇರೆ. 2021ರ ನವೆಂಬರ್ 12ಕ್ಕೆ ಮ್ಯಾಪ್ ಪಾಸಾಯ್ತು, 3-2 ವೋಟು, ಅಧ್ಯಕ್ಷರು ರಿಪಬ್ಲಿಕನ್ ಸದಸ್ಯರ ಮ್ಯಾಪಿನ ಜೊತೆ ನಿಂತ್ರು. ಮಿಸೌಲಾ, ಬ್ಯೂಟ್, ಕಾಲಿಸ್ಪೆಲ್, ಬೋಜ್‌ಮನ್ ಪಶ್ಚಿಮಕ್ಕೆ. ಬಿಲಿಂಗ್ಸ್, ಗ್ರೇಟ್ ಫಾಲ್ಸ್ ಪೂರ್ವಕ್ಕೆ. ಹಳೇ ಕಾಲದಲ್ಲಿ ಪಶ್ಚಿಮದ ಜೊತೆ ಇದ್ದ ರಾಜಧಾನಿ ಹೆಲೆನಾ ಈ ಸಲ ಪೂರ್ವಕ್ಕೆ ಹೋಯ್ತು. ಹೆಸರು ಅದೇ ಒಂದನೇ ಕ್ಷೇತ್ರ, ಎರಡನೇ ಕ್ಷೇತ್ರ, ಆದ್ರೆ 1917ರ ಎರಡನೇ ಕ್ಷೇತ್ರವೇ ಇದು ಅಂತ ಹೇಳೋಕಾಗಲ್ಲ. 2022ರ ನವೆಂಬರ್‌ನಲ್ಲಿ ಪಶ್ಚಿಮದಿಂದ ರಯಾನ್ ಜಿಂಕಿ ಗೆದ್ರು, ಅದೂ ಪೈಪೋಟಿ ಕೊಟ್ಟು. ಪೂರ್ವದಿಂದ ಮ್ಯಾಟ್ ರೋಸೆಂಡೇಲ್, ಸುಲಭವಾಗಿ. 2023ರ ಜನವರಿಯಲ್ಲಿ ಇಬ್ಬರೂ ಪ್ರಮಾಣವಚನ ತಗೊಂಡ್ರು.

ಒಂದು ವಿಷಯ ಬಾಕಿ ಇದೆ, ಅದನ್ನ ಹೇಳಿ ನಿಲ್ಲಿಸ್ತೀನಿ. ಹೊಸ ಮ್ಯಾಪಿನಲ್ಲಿ ಎರಡು ಕ್ಷೇತ್ರದ ಜನಸಂಖ್ಯೆ ಸಮ ಬರಬೇಕಿತ್ತು. ರಾಜ್ಯದಲ್ಲಿ 10,84,225 ಜನ, ಬೆಸ ಸಂಖ್ಯೆ, ಎಷ್ಟೇ ಸಮ ಮಾಡಿದ್ರೂ ಒಬ್ಬರು ಹೆಚ್ಚು ಕಮ್ಮಿ ಆಗೇ ಆಗ್ತಾರೆ. ಆ ಒಬ್ಬರ ತನಕ ತಂದು ನಿಲ್ಲಿಸಿದ್ರು. 56 ಕೌಂಟಿಯಲ್ಲಿ 55ನ್ನ ಇಡಿಯಾಗಿ ಆ ಕಡೆ ಈ ಕಡೆ ಇಟ್ರು, ಲೆಕ್ಕ ಕೂಡಿಸೋಕೆ ಒಂದನ್ನ ಮಾತ್ರ ಸೀಳ್ಬೇಕಾಯ್ತು, ಬೆಟ್ಟದ ಬುಡದಿಂದ ಗೋಧಿ ಬಯಲಿನ ತನಕ ಚಾಚಿರೋ ಪಾಂಡೆರಾ ಕೌಂಟಿಯನ್ನ. ಅದರ ಮುಖ್ಯ ಊರು ಕಾನ್ರಾಡ್. 1957ರಿಂದ 1961ರ ತನಕ ಹಳೇ ಎರಡನೇ ಕ್ಷೇತ್ರದ ಸದಸ್ಯರಾಗಿದ್ದ ಲೀರಾಯ್ ಆಂಡರ್ಸನ್ ಇದೇ ಕಾನ್ರಾಡ್‌ನವರು. 2022ರ ನವೆಂಬರ್‌ನಲ್ಲಿ ಅವರ ಕೌಂಟಿಯ ಜನ ವೋಟು ಹಾಕುವಾಗ, ಅದೇ ಕೋರ್ಟ್‌ಹೌಸಿಂದ, ಅದೇ ಕೌಂಟಿಯ ಹೆಸರಲ್ಲಿ ಎರಡು ಬೇರೆ ಬೇರೆ ಬ್ಯಾಲೆಟ್ ಹಂಚಿದ್ರು, ಗೆರೆಯ ಈ ಕಡೆಯ ಮನೆಗೆ ಒಂದು, ಆ ಕಡೆಯ ಮನೆಗೆ ಇನ್ನೊಂದು.